ಲ್ಯಾವೆಂಡರ್ ನೋಡಬೇಕಂದ್ರೆ ಏರು ಹತ್ತಬೇಕು

ಲ್ಯಾವೆಂಡರ್ ಅನ್ನೋ ಪರಿಮಳದ ನೇರಳೆ ಹೂವಿನ ಹೊಲಗಳ ನಡುವೆ ಸೈಕಲ್ ತುಳಿಯೋಕೆ ಅಂತ ಫ್ರಾನ್ಸಿಗೆ ಟಿಕೆಟ್ ತೆಗೆಸಿ ಎರಡು ತಿಂಗಳಾಗಿತ್ತು. ಹೊರಡೋಕೆ ಇನ್ನು ಹತ್ತೇ ದಿನ ಅನ್ನುವಾಗ ತಮ್ಮ ಫೋನ್ ಮಾಡಿದ. ಅವನು ಫ್ರಾನ್ಸಿನ ಲಿಯೋಂನಲ್ಲಿ ಕೆಲಸದಲ್ಲಿದ್ದಾನೆ. "ಅಣ್ಣಾ, ವಾಲನ್‌ಸೋಲ್‌ನಲ್ಲಿ ಕಟಾವು ಶುರುವಾಗಿದೆಯಂತೆ. ನೀನು ಬರೋ ಹೊತ್ತಿಗೆ ಅಲ್ಲಿ ಬರೀ ಕೂಳೆ ಇರುತ್ತೆ ನೋಡು" ಅಂದ.

ಎದೆ ಧಸಕ್ಕಂತು. ಫೋಟೋದಲ್ಲಿ ನಾವೆಲ್ಲ ನೋಡಿರೋ ಆ ನೇರಳೆ ಸಾಲುಗಳು, ನಡುವೆ ಒಂದು ಕಲ್ಲಿನ ಮನೆ, ಒಂದು ಒಂಟಿ ಮರ, ಅವು ಹೆಚ್ಚಾಗಿ ವಾಲನ್‌ಸೋಲ್ ಬಯಲಿನವು. ದಕ್ಷಿಣ ಫ್ರಾನ್ಸಿನ ಪ್ರೊವಾನ್ಸ್ ಸೀಮೆಯಲ್ಲಿದೆ ಅದು. ಆರು ತಿಂಗಳಿಂದ ಅದೇ ಫೋಟೋ ನನ್ನ ಫೋನಿನ ಮೇಲಿತ್ತು. ರಜೆ ಮಂಜೂರಾಗಿದ್ದು ಜುಲೈ ಕೊನೆಯ ವಾರಕ್ಕೆ. ಅದನ್ನ ಹಿಂದಕ್ಕೆ ಹಾಕೋ ಹಾಗಿರಲಿಲ್ಲ.

ಆ ರಾತ್ರಿ ಊಟಕ್ಕೆ ಕೂತಾಗ ಅಪ್ಪನ ಹತ್ತಿರ ಹೇಳಿಕೊಂಡೆ. ಅಪ್ಪ ಕುರುಗೋಡು ಕಡೆ ಮೆಣಸಿನಕಾಯಿ, ಹತ್ತಿ ಬೆಳೆಯುವವರು. ಲ್ಯಾವೆಂಡರ್ ಹೆಸರನ್ನ ಸೋಪಿನ ಮೇಲೆ ಬಿಟ್ಟರೆ ಬೇರೆಲ್ಲೂ ಕಂಡವರಲ್ಲ. ರೊಟ್ಟಿ ಮುರಿಯುತ್ತಾ, "ಅದೇ ಬೆಳೆ ಗುಡ್ಡದ ಮೇಲೂ ಹಾಕಿರ್ತಾರೇನು? ಮೇಲೆ ತಂಪು ಜಾಸ್ತಿ, ಅಲ್ಲಿ ಹೂವು ತಡ ಆಗುತ್ತೆ. ಕೆಳಗೆ ಮುಗಿದಿದ್ದರೆ ಮೇಲಕ್ಕೆ ಹೋಗು" ಅಂದರು.

ನಮ್ಮ ಇಡೀ ದಾರಿ ಬದಲಾಗಿದ್ದು ಆ ಒಂದು ಮಾತಿಂದ. ಇದನ್ನ ಬರೀತಿರೋದೂ ಅದಕ್ಕೇ. ಲ್ಯಾವೆಂಡರ್ ನಾಡಿಗೆ ಸೈಕಲ್ ತಗೊಂಡು ಹೋಗೋರು ಊರಿನ ಹೆಸರು ನೋಡಿ ದಾರಿ ಹಾಕ್ತಾರೆ, ಇಲ್ಲಾ ಕಿಲೋಮೀಟರ್ ನೋಡಿ ಹಾಕ್ತಾರೆ. ನೋಡಬೇಕಾದ್ದು ಎತ್ತರ. ಯಾವ ತಾರೀಖಿಗೆ ಎಷ್ಟು ಎತ್ತರದಲ್ಲಿರ್ತೀರಿ ಅನ್ನೋದೇ ಮುಖ್ಯ.

ಅಲ್ಲಿ ಬೆಳೆಯೋದು ಎರಡು ಗಿಡ. ಒಂದು ಅಸಲಿ ಲ್ಯಾವೆಂಡರ್. ಇನ್ನೊಂದು ಲ್ಯಾವೆಂಡಿನ್, ಅಂದ್ರೆ ಅಸಲಿ ಲ್ಯಾವೆಂಡರ್‌ಗೂ ಅದರದೇ ಕುಲದ ಇನ್ನೊಂದು ಅಗಲ ಎಲೆಯ ಗಿಡಕ್ಕೂ ಹುಟ್ಟಿದ ಮಿಶ್ರತಳಿ. ಅದಕ್ಕೆ ಬೀಜ ಕಟ್ಟೋದಿಲ್ಲ, ಕಡ್ಡಿ ನೆಟ್ಟೇ ಬೆಳೆಸಬೇಕು. ಆದರೆ ಎಕರೆಗೆ ಎಣ್ಣೆ ಎಷ್ಟೋ ಪಟ್ಟು ಜಾಸ್ತಿ ಬರುತ್ತೆ. ಸೋಪು, ಬಟ್ಟೆ ಒಗೆಯೋ ಪುಡಿಗೆಲ್ಲ ಹೋಗೋದು ಅದೇ. ಅದು ತಗ್ಗಿನಲ್ಲೂ ಚೆನ್ನಾಗಿ ಬರುತ್ತೆ. ವಾಲನ್‌ಸೋಲ್ ಬಯಲು ಇರೋದು 500ರಿಂದ 600 ಮೀಟರ್ ಎತ್ತರದಲ್ಲಿ, ಅಂದ್ರೆ ನಮ್ಮ ಬಳ್ಳಾರಿಗಿಂತ ಒಂಚೂರು ಮೇಲೆ ಅಷ್ಟೇ. ಅಲ್ಲಿ ಬೆಳೆಯೋದು ಹೆಚ್ಚಾಗಿ ಲ್ಯಾವೆಂಡಿನ್. ಜೂನ್ ಕೊನೆಗೆ ಹೂ ತುಂಬುತ್ತೆ, ಜುಲೈ ನಡುವೆ ಮಷಿನ್ ಇಳಿಯುತ್ತೆ. ಅಸಲಿ ಲ್ಯಾವೆಂಡರ್‌ಗೆ ಗುಡ್ಡದ ತಂಪು ಬೇಕು, ನೀರು ನಿಲ್ಲದ ಸುಣ್ಣಕಲ್ಲಿನ ನೆಲ ಬೇಕು. ಅದು 700-800 ಮೀಟರ್ ದಾಟಿದ ಮೇಲೆ ಜಾಸ್ತಿ ಸಿಗುತ್ತೆ. ಕಟಾವು ಜುಲೈ ಕೊನೆಯಿಂದ ಆಗಸ್ಟ್ ವರೆಗೂ ನಡೆಯುತ್ತೆ. ಅದರ ಮುಖ್ಯ ಊರು ಸೋ. ಫ್ರೆಂಚಿನಲ್ಲಿ ಬರೆಯೋದು ಉದ್ದಕ್ಕೆ, ಓದೋದು ಬರೀ 'ಸೋ'. ಸುಮಾರು 765 ಮೀಟರ್ ಎತ್ತರ. ಪ್ರತಿ ಆಗಸ್ಟ್ 15ಕ್ಕೆ ಅಲ್ಲಿ ಲ್ಯಾವೆಂಡರ್ ಹಬ್ಬ, ಕುಡುಗೋಲಿನಲ್ಲಿ ಹೂ ಕೊಯ್ಯೋ ಪಂದ್ಯವೂ ಇರುತ್ತೆ. ಆಗಸ್ಟ್ 15ಕ್ಕೆ ಕೊಯ್ಯೋಕೆ ಹೂವಿದೆ ಅಂದ ಮೇಲೆ ಜುಲೈ ಕೊನೆಗೆ ಖಂಡಿತ ಇರಬೇಕಲ್ವಾ? ಅಪ್ಪ ಹೇಳಿದ್ದು ಸರಿಯಾಗಿತ್ತು.

ಮೇಲೆ ಹೋಗಬೇಕು ಅಂದ್ರೆ ಕಾಲು ಬೇಕು. ಅದಕ್ಕೆ ನಮಗೆ ಸಂಡೂರು ಇತ್ತು.

ಫೆಬ್ರವರಿಯಿಂದ ಜೂನ್ ವರೆಗೆ ಭಾನುವಾರ ನಸುಕಿನಲ್ಲಿ ನಾಲ್ಕೂವರೆಗೆ ಬಳ್ಳಾರಿಯ ಮೋತಿ ಸರ್ಕಲ್ ಬಿಡ್ತಿದ್ದೆ. ತೋರಣಗಲ್ಲು ದಾಟುವಷ್ಟರಲ್ಲಿ ಬೆಳಕು ಹರಿಯುತ್ತಿತ್ತು. ಆಮೇಲೆ ಅದಿರು ಲಾರಿಗಳು ಶುರು. ಸಂಡೂರು ಮುಟ್ಟಿ, ಒಂದು ಚಹಾ ಕುಡಿದು, ಕುಮಾರಸ್ವಾಮಿ ದೇವಸ್ಥಾನದ ಏರು. ಬಳ್ಳಾರಿ ಬೇಸಿಗೆ ನಿಮಗೆ ಗೊತ್ತೇ ಇದೆ. ಒಂಬತ್ತಕ್ಕೆಲ್ಲ ಡಾಂಬರು ಕಾಯೋಕೆ ಶುರುವಾಗುತ್ತೆ. ಆ ಏರಿನಲ್ಲಿ ನಾನು ಕಲಿತಿದ್ದು ಒಂದೇ. ಏರು ಕಂಡ ತಕ್ಷಣ ಜೋರು ಮಾಡಬಾರದು, ಮಾತಾಡೋಕೆ ಉಸಿರು ಉಳಿಯುವಷ್ಟೇ ತುಳಿಯಬೇಕು. ಚೈನಿಗೆ ಕೆಂಪು ಧೂಳು ಹತ್ತಿ ಅರೆಯೋ ಶಬ್ದ ಬರ್ತಿತ್ತು. ಮನೆಗೆ ಬಂದು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿದರೆ ಬಟ್ಟೆ ಇಟ್ಟಿಗೆ ಬಣ್ಣಕ್ಕೆ ತಿರುಗ್ತಿತ್ತು.

ಇನ್ನು ದಾರಿ. ಲಿಯೋಂನಿಂದ ಅವಿನ್ಯೋಂಗೆ ಪ್ರಾದೇಶಿಕ ರೈಲು. ಅದರಲ್ಲಿ ಸೈಕಲ್ ಹಾಗೇ ಹತ್ತಿಸಬಹುದು, ಬಿಚ್ಚಿ ಚೀಲಕ್ಕೆ ಹಾಕೋ ಕೆಲಸ ಇಲ್ಲ. ಅವಿನ್ಯೋಂನಿಂದ ಗೋರ್ದ್ ಅನ್ನೋ ಗುಡ್ಡದ ಊರಿಗೆ ಒಂದು ದಿನ. ಊರು ಚೆಂದ, ಕಲ್ಲಿನ ಮೇಲೆ ಕಲ್ಲು ಇಟ್ಟ ಹಾಗಿದೆ. ಆದರೆ ಕಾರುಗಳ ಜಾತ್ರೆ. ಮಾರನೇ ದಿನ ಬೆಳಿಗ್ಗೆ ಏಳಕ್ಕೇ ಸೆನಾಂಕ್ ಮಠಕ್ಕೆ ಇಳಿದೆವು. 1148ರಲ್ಲಿ ಸ್ಥಾಪನೆಯಾದ ಮಠ, ಈಗಲೂ ಸನ್ಯಾಸಿಗಳು ಇದ್ದಾರೆ, ಎದುರಿಗೇ ಲ್ಯಾವೆಂಡರ್ ಸಾಲು. ಬೇಗ ಹೋಗಿದ್ದಕ್ಕೆ ಗದ್ದಲ ಇರಲಿಲ್ಲ. ಜೇನುಹುಳುಗಳ ಗುಂಯ್ ಅನ್ನೋ ಶಬ್ದ ರಸ್ತೆಗೇ ಕೇಳ್ತಿತ್ತು. ಅಲ್ಲಿಂದ ಕಾಡಿನ ಸಣ್ಣ ರಸ್ತೆ ಹಿಡಿದು ವೆನಾಸ್ಕ್, ಅಲ್ಲಿಂದ ವಿಲ್-ಸುರ್-ಓಜೋಂ. ರಾತ್ರಿ ಅಲ್ಲೇ ಉಳಿದೆವು.

ಈ ಊರಿನಿಂದ ಸೋ ಊರಿಗೆ ಹೋಗೋಕೆ ಬೇರೆ ದಾರಿಯೂ ಇದೆ. ದಯವಿಟ್ಟು ನೆಸ್ಕ್ ಕಮರಿಯ ದಾರಿಯಲ್ಲೇ ಹೋಗಿ. ನನ್ನ ಜೀವಮಾನದಲ್ಲಿ ಅಷ್ಟು ಒಳ್ಳೆಯ ಸೈಕಲ್ ರಸ್ತೆ ತುಳಿದಿಲ್ಲ. ಇಪ್ಪತ್ತು ಚಿಲ್ಲರೆ ಕಿಲೋಮೀಟರ್, ಎಲ್ಲೂ ಜೋರು ಏರಿಲ್ಲ, ಬಂಡೆ ಕೊರೆದು ಮಾಡಿದ ರಸ್ತೆ, ನಡುನಡುವೆ ಸಣ್ಣ ಸುರಂಗ, ಎಡಗಡೆ ಬಂಡೆ, ಬಲಗಡೆ ನೋಡಿದರೆ ತಲೆ ತಿರುಗೋ ಆಳ. ದೊಡ್ಡ ವಾಹನ ಬಹಳ ಕಡಿಮೆ. ನಮ್ಮ ಟಯರಿನ ಸದ್ದು ಬಿಟ್ಟರೆ ಸಿಕಾಡ ಹುಳುಗಳ ಕಿರ್ರ್ ಅನ್ನೋ ಸದ್ದು ಮಾತ್ರ. ಸುಮಾರು 730 ಮೀಟರ್ ಎತ್ತರದಲ್ಲಿ ಒಂದು ನಿಲ್ಲೋ ಜಾಗ ಬರುತ್ತೆ. ಎದುರಿಗೆ ಕಮರಿಯ ಆಚೆ ಒಂದು ಭಾರೀ ಗೋಡೆಯಂಥ ಬಂಡೆ. ಅದರ ಹೆಸರು 'ರೋಶೇ ದು ಸೀರ್', ಅಂದ್ರೆ ಮೇಣದ ಬಂಡೆ. ಕಾಡು ಜೇನು ಕಟ್ಟುತ್ತಿದ್ದ ಬಂಡೆ ಆದ್ದರಿಂದ ಆ ಹೆಸರು. ನಮ್ಮ ಕಡೆ ಬಂಡೆಗಳ ಕೆಳಗೆ ಹೆಜ್ಜೇನು ಕಟ್ಟಿರೋದನ್ನ ನೋಡಿದವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ತಮ್ಮ ಎರಡು ಖಡಕ್ ರೊಟ್ಟಿ ತೆಗೆದ. ಅಮ್ಮ ಕಟ್ಟಿಕೊಟ್ಟಿದ್ದು. ಮೇಲೆ ಶೇಂಗಾ ಚಟ್ನಿಪುಡಿ, ಅಲ್ಲಿನ ಆಲಿವ್ ಎಣ್ಣೆ. ಕಟ್ಟೆ ಮೇಲೆ ಕೂತು ಕಟಕಟ ಅಂತ ತಿಂದೆವು. ಪಕ್ಕದಲ್ಲಿ ನಿಂತಿದ್ದ ಒಬ್ಬ ವಯಸ್ಸಾದ ಫ್ರೆಂಚ್ ಸೈಕಲ್ ಸವಾರರಿಗೂ ಒಂದು ತುಂಡು ಕೊಟ್ಟೆವು. ಅವರು ಚಟ್ನಿಪುಡಿ ಇನ್ನೊಂದು ಸಲ ಕೇಳಿ ಹಾಕಿಸಿಕೊಂಡರು.

ದೂರದ ಸೈಕಲ್ ಪಯಣಕ್ಕೆ ಖಡಕ್ ರೊಟ್ಟಿ, ಶೇಂಗಾ ಹೋಳಿಗೆಗಿಂತ ಒಳ್ಳೆಯದು ಸಿಗಲ್ಲ ಅಂತ ನಾನು ಖಂಡಿತವಾಗಿ ಹೇಳ್ತೀನಿ. ಕೆಡಲ್ಲ, ಹಗುರ, ಹೊಟ್ಟೆ ಹಿಡಿಯುತ್ತೆ. ಅಲ್ಲಿ ಮಧ್ಯಾಹ್ನ ಹಳ್ಳಿ ಅಂಗಡಿಗಳು ಮುಚ್ಚಿರುತ್ತವೆ, ಹೋಟೆಲಿನಲ್ಲಿ ಎರಡು ಗಂಟೆ ಮೇಲೆ ಅಡುಗೆ ಮನೆ ಬಂದ್. ಭಾನುವಾರ ಕೇಳೋದೇ ಬೇಡ. ನೀರಿಗೆ ಹಳ್ಳಿಗಳಲ್ಲಿ ಕಲ್ಲಿನ ಕಾರಂಜಿ ಇರುತ್ತೆ, 'ನೋಂ ಪೊಟಾಬ್ಲ್' ಅಂತ ಬರೆದಿದ್ದರೆ ಕುಡಿಯಬೇಡಿ. ಎಲ್ಲೂ ಸಿಗದಿದ್ದರೆ ಊರಾಚೆಯ ಸ್ಮಶಾನಕ್ಕೆ ಹೋಗಿ. ಸಮಾಧಿ ಮೇಲಿನ ಹೂಗಿಡಕ್ಕೆ ಹಾಕೋಕೆ ಅಲ್ಲಿ ನಲ್ಲಿ ಇಟ್ಟಿರ್ತಾರೆ. ಮೊದಲ ಸಲ ನನಗೆ ಒಳಗೆ ಕಾಲಿಡೋಕೆ ಮನಸ್ಸಾಗಲಿಲ್ಲ. ಬಾಯಿ ಒಣಗಿದಾಗ ಕೈ ಮುಗಿದು ಒಳಗೆ ಹೋದೆ.

ಕಮರಿ ಮುಗಿದು ಮೋನ್ಯೂ ದಾಟಿದ ತಕ್ಷಣ ಕಣಿವೆ ಅಗಲವಾಗಿ ತೆರೆದುಕೊಂಡಿತು. ಕಣ್ಣಿಗೆ ಮೊದಲು ಬಿದ್ದಿದ್ದು ನೇರಳೆ. ಕೊಯ್ದಿರಲಿಲ್ಲ! ಒಂದು ಹೊಲ ನೇರಳೆ, ಪಕ್ಕದ್ದು ಗೋಧಿಯ ಹಳದಿ, ಮತ್ತೆ ನೇರಳೆ. ತಮ್ಮ ಸೈಕಲ್ ನಿಲ್ಲಿಸಿ ಸುಮ್ನೆ ನಿಂತುಬಿಟ್ಟ. ನಾನು ಅಪ್ಪನಿಗೆ ವಿಡಿಯೋ ಕಾಲ್ ಹಚ್ಚಿದೆ. ಅಪ್ಪ ನೋಡಿದರು, ಫೋನ್ ಹೊಲದ ಹತ್ತಿರ ಒಯ್ಯಿ ಅಂದರು, ಬುಡ ತೋರಿಸು ಅಂದರು, ಆಮೇಲೆ ಕೇಳಿದ್ದು ಇಷ್ಟೇ: "ನೀರು ಎಲ್ಲಿಂದ?"

ನೀರಿಲ್ಲ. ಮಳೆ ಬಂದಷ್ಟೇ. ಸಾಲಿನ ನಡುವೆ ಬರೀ ಬಿಳಿ ಕಲ್ಲು. ನೋಡೋಕೆ ನಮ್ಮ ಕಡೆಯ ಪಡ ಬಿದ್ದ ಹೊಲದ ಥರ ಇದೆ, ಅದರಲ್ಲಿ ಆ ಬಣ್ಣ. ಒಮ್ಮೆ ನೆಟ್ಟರೆ ಹತ್ತು ವರ್ಷದ ತನಕ ಗಿಡ ಬದುಕುತ್ತೆ. ಆದರೆ ಅಲ್ಲಲ್ಲಿ ಸಾಲಿನ ನಡುವೆ ಬೂದಿ ಬಣ್ಣಕ್ಕೆ ತಿರುಗಿ ಒಣಗಿದ ಗಿಡಗಳೂ ಕಂಡವು. ಅದು ರೋಗ. ಜಿಗಿಹುಳುವಿನ ಸಂಬಂಧದ ಒಂದು ಸಣ್ಣ ಕೀಟ ಗಿಡದ ರಸ ಹೀರುವಾಗ ಫೈಟೋಪ್ಲಾಸ್ಮಾ ಅನ್ನೋ ಸೂಕ್ಷ್ಮಜೀವಿಯನ್ನ ದಾಟಿಸುತ್ತೆ, ಗಿಡ ನಿಧಾನವಾಗಿ ಸಾಯುತ್ತೆ. ಇದನ್ನ ಹೇಳಿದಾಗ ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮೆಣಸಿನ ಗಿಡಕ್ಕೆ ಮುಟುರು ಬಂದ ವರ್ಷ ನಮ್ಮ ಮನೆಯಲ್ಲೂ ಯಾರೂ ಜಾಸ್ತಿ ಮಾತಾಡಿರಲಿಲ್ಲ.

ಹೊಲದ ಬದುವಿನಲ್ಲಿ ಬಿದ್ದಿದ್ದ ಎರಡು ಕಡ್ಡಿ ಕೈಗೆ ತಗೊಂಡೆ. ಒಂದು ಸೋ ಊರಿನ ಅಸಲಿ ಲ್ಯಾವೆಂಡರ್, ಇನ್ನೊಂದು ಹಿಂದಿನ ದಿನ ಕೆಳಗೆ ಸಿಕ್ಕಿ ಹ್ಯಾಂಡಲ್ ಚೀಲದಲ್ಲಿದ್ದ ಲ್ಯಾವೆಂಡಿನ್. ಪಕ್ಕಪಕ್ಕ ಇಟ್ಟರೆ ಮಕ್ಕಳೂ ಗುರುತು ಹಿಡಿತಾರೆ. ಅಸಲಿಯದು ಗಿಡ್ಡ ಕಡ್ಡಿ, ತುದಿಯಲ್ಲಿ ಒಂದೇ ತೆನೆ. ಲ್ಯಾವೆಂಡಿನ್ ಉದ್ದ, ದೊಡ್ಡ ತೆನೆಯ ಕೆಳಗೆ ಎರಡು ಕಡೆ ಮರಿ ಕವಲು ಒಡೆದಿರುತ್ತೆ. ಬೆರಳಲ್ಲಿ ಉಜ್ಜಿ ಮೂಸಿದೆ. ಲ್ಯಾವೆಂಡಿನ್‌ನಲ್ಲಿ ಕರ್ಪೂರದ ವಾಸನೆ ಎದ್ದು ಹೊಡೆಯುತ್ತೆ, ಮಂಗಳಾರತಿ ತಟ್ಟೆಯ ವಾಸನೆ. ಅಸಲಿಯದರಲ್ಲಿ ಅದಿಲ್ಲ. ಮೆತ್ತಗೆ, ಸಿಹಿಯಾಗಿ, ತುಂಬಾ ಹೊತ್ತು ಬೆರಳಲ್ಲೇ ಉಳಿಯುತ್ತೆ. ಆ ದಿನ ಹ್ಯಾಂಡಲ್ ಹಿಡಿದಾಗೆಲ್ಲ ಅದೇ ಪರಿಮಳ.

ಸೋನಲ್ಲಿ ಮೂರು ರಾತ್ರಿ ಉಳಿದೆವು. ಇದು ನನ್ನ ಇನ್ನೊಂದು ಸಲಹೆ. ದಿನಾ ಊರು ಬದಲಿಸಬೇಡಿ. ಸೋನಲ್ಲಿ ಸಾಮಾನು ಇಟ್ಟು ಖಾಲಿ ಸೈಕಲ್‌ನಲ್ಲಿ ಸುತ್ತಿ. ಉತ್ತರಕ್ಕೆ ಓರೆಲ್, ಫೆರಾಸ್ಯೇರ್ ಕಡೆ ಹೋದರೆ ಇನ್ನೂ ಮೇಲೆ, ಇನ್ನೂ ತಡವಾದ ಹೂವು. ಪ್ರವಾಸಿ ಬಸ್ಸುಗಳು ಅಲ್ಲಿಗೆ ಅಷ್ಟಾಗಿ ಬರಲ್ಲ.

ಪಶ್ಚಿಮಕ್ಕೆ ಇರೋದು ಮೋಂ ವಾಂಟೂ. 1,900 ಮೀಟರಿಗೂ ಸ್ವಲ್ಪ ಜಾಸ್ತಿ, ನಮ್ಮ ಮುಳ್ಳಯ್ಯನಗಿರಿಗಿಂತ ತುಸು ಕಡಿಮೆ. ಸುತ್ತ ಇಷ್ಟು ಎತ್ತರದ ಬೆಟ್ಟ ಬೇರೆ ಇಲ್ಲ, ಎಲ್ಲಿಂದ ನೋಡಿದರೂ ಬಿಳಿ ತಲೆ ಕಾಣ್ತಾನೇ ಇರುತ್ತೆ. ಹತ್ತೋಕೆ ಮೂರು ರಸ್ತೆ. ಬೆದ್ವಾಂ ಊರಿನಿಂದ, ಮಾಲೊಸೆನ್ ಊರಿನಿಂದ, ಸೋನಿಂದ. ಬೆದ್ವಾಂ ದಾರಿ ಹೆಸರುವಾಸಿ, 'ಟೂರ್ ದ ಫ್ರಾನ್ಸ್' ರೇಸಿನವರು ಹೆಚ್ಚಾಗಿ ಹತ್ತೋದು ಅದೇ. 21 ಕಿಲೋಮೀಟರಿನಲ್ಲಿ ಸುಮಾರು 1,600 ಮೀಟರ್ ಏರು, ಕಾಡಿನ ನಡುವೆ ಉಸಿರು ತಗೊಳ್ಳೋಕೂ ಜಾಗ ಇಲ್ಲ. ಸೋ ದಾರಿ 26 ಕಿಲೋಮೀಟರ್, ಆದರೆ ಶುರುವಾಗೋದೇ ಎತ್ತರದಿಂದ, ಆದ್ದರಿಂದ ಹತ್ತಬೇಕಾದ್ದು ಸುಮಾರು 1,200 ಮೀಟರ್ ಅಷ್ಟೇ. "ಬೆದ್ವಾಂನಿಂದ ಹತ್ತಿದರೇ ಲೆಕ್ಕ" ಅಂತ ಹೇಳೋರು ಇದ್ದಾರೆ. ನಾನು ಒಪ್ಪಲ್ಲ. ಟೂರಿಂಗ್ ಹೋದವನು ರೇಸ್ ಮಾಡೋಕೆ ಹೋಗಿರಲ್ಲ. ಸೋ ದಾರಿಯಲ್ಲಿ ಮೊದಲು ಒಂದು ಇಳಿಜಾರು, ಲ್ಯಾವೆಂಡರ್ ಹೊಲಗಳ ನಡುವೆಯೇ ಹಾದು ಹೋಗುತ್ತೆ, ಆಮೇಲೆ ಓಕ್ ಕಾಡು, ನಿಧಾನಕ್ಕೆ ಏರು. ಸುಮಾರು ಇಪ್ಪತ್ತು ಕಿಲೋಮೀಟರ್ ತನಕ ಕುಮಾರಸ್ವಾಮಿ ಬೆಟ್ಟ ಹತ್ತಿದವರು ಆರಾಮಾಗಿ ಹೋಗಬಹುದು.

ಆಮೇಲೆ 'ಶಾಲೇ ರೆನಾರ್' ಅನ್ನೋ ಹೋಟೆಲು. ಶಾಲೇ ಅಂದ್ರೆ ಅಲ್ಲಿ ಬೆಟ್ಟದ ಮರದ ಮನೆ. ಅಲ್ಲಿ ಬೆದ್ವಾಂ ರಸ್ತೆ ಬಂದು ಕೂಡುತ್ತೆ, ಉಳಿದ ಆರು ಕಿಲೋಮೀಟರ್ ಎಲ್ಲರಿಗೂ ಒಂದೇ. ಮರ ನಿಂತುಹೋಗುತ್ತೆ. ಬರೀ ಬಿಳಿ ಕಲ್ಲಿನ ಚೂರು, ಬಿಸಿಲಿಗೆ ಕಣ್ಣು ಬಿಡೋಕಾಗಲ್ಲ, ಮೇಲಿಂದ ಗಾಳಿ. ಆ ಕಡೆಯ ಗಾಳಿಗೆ ಮಿಸ್ಟ್ರಾಲ್ ಅಂತ ಹೆಸರು, ಉತ್ತರದಿಂದ ಬೀಸುತ್ತೆ. ಅದು ಜೋರಿದ್ದ ದಿನ ಹತ್ತಲೇಬೇಡಿ. ನಾವು ಹೋದ ದಿನ ಅಷ್ಟೇನೂ ಇರಲಿಲ್ಲ, ಆದರೂ ತಿರುವಿನಲ್ಲಿ ಸೈಕಲ್ ಒಂದಡಿ ಪಕ್ಕಕ್ಕೆ ಸರಿದಿದ್ದುಂಟು. ತುದಿಗೆ ಸ್ವಲ್ಪ ಕೆಳಗೆ ಬಲಕ್ಕೆ ಒಂದು ಕಲ್ಲು. ಇಂಗ್ಲಿಷ್ ಸೈಕಲ್ ಸವಾರ ಟಾಮ್ ಸಿಂಪ್ಸನ್ 1967ರ ಜುಲೈ 13ರಂದು ರೇಸಿನಲ್ಲಿ ಇಲ್ಲೇ ಕುಸಿದು ತೀರಿಕೊಂಡರು. ಸುಡು ಬಿಸಿಲು, ಮೇಲೆ ಉತ್ತೇಜಕ ಮಾತ್ರೆ. ಹೋದವರು ಅಲ್ಲಿ ನೀರಿನ ಬಾಟಲಿ, ಟೋಪಿ ಇಟ್ಟು ಬರ್ತಾರೆ. ತಮ್ಮ ತನ್ನ ಬಾಟಲಿಯಲ್ಲಿದ್ದ ಅರ್ಧ ನೀರು ಕುಡಿದು, ಉಳಿದಿದ್ದನ್ನ ಬಾಟಲಿ ಸಮೇತ ಅಲ್ಲಿಟ್ಟ. ನಾನು ಏನೂ ಕೇಳಲಿಲ್ಲ.

ತುದಿಯಲ್ಲಿ ನಿಂತಾಗ ನನಗೆ ಮನಸ್ಸಿಗೆ ಬಂದಿದ್ದು ಸಂಡೂರೇ. ಈ ಬೆಟ್ಟವನ್ನೂ ಒಂದು ಕಾಲದಲ್ಲಿ ಹಡಗು ಕಟ್ಟೋಕೆ ಮರ ಕಡಿದು ಬೋಳು ಮಾಡಿದ್ದರು. 1860ರ ದಶಕದಿಂದ ಮತ್ತೆ ನೆಡುತ್ತಾ ಬಂದರು. ನಾವು ಹತ್ತಿ ಬಂದ ದಾರಿಯ ನೆರಳು ಆ ನೆಟ್ಟ ಕಾಡಿನದೂ ಹೌದು. ನಮ್ಮಲ್ಲಿ 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದಾಗ ಆ ವರ್ಷದ ಮಳೆಗೆ ರಸ್ತೆ ಪಕ್ಕದ ಎಲೆಗಳು ಹಸಿರಾಗಿ ಕಂಡಿದ್ದು ನನಗೆ ಇನ್ನೂ ನೆನಪಿದೆ. ಗಣಿ ಮತ್ತೆ ಶುರುವಾಯ್ತು, ಮಿತಿ ಹಾಕಿದ್ದಾರೆ. ಕಡಿದ ಗುಡ್ಡದ ಮೇಲೆ ಮತ್ತೆ ಕಾಡು ಬರಬಹುದು ಅಂತ ಆವತ್ತು ಕಣ್ಣಾರೆ ಕಂಡೆ. ನೂರೈವತ್ತು ವರ್ಷ ಬೇಕಾಯ್ತು, ಆದರೂ ಬಂತು. ನಮ್ಮ ಗುಡ್ಡಗಳಿಗೂ ಬರಲಿ ಅಂತ ತುಂಬಾ ಆಸೆ ಇದೆ ನನಗೆ.

ಇಳಿಯುವಾಗ ಹೆದರಿದೆ. ನನ್ನದು ಬಾಡಿಗೆ ಸೈಕಲ್. ನಾಲ್ಕನೇ ತಿರುವಿನಲ್ಲಿ ಹಿಂದಿನ ಬ್ರೇಕ್ ಹಿಡಿದರೆ ಕಬ್ಬಿಣ ಉಜ್ಜೋ ಶಬ್ದ. ಪ್ಯಾಡ್ ಪೂರ್ತಿ ಸವೆದಿತ್ತು. ಕೊಡುವಾಗ ಅಂಗಡಿಯವರು ನೋಡಿರಲಿಲ್ಲ, ತಗೊಳ್ಳುವಾಗ ನಾನೂ ನೋಡಿರಲಿಲ್ಲ. ಮುಂದಿನ ಬ್ರೇಕನ್ನ ಬಿಟ್ಟು ಬಿಟ್ಟು ಹಿಡಿಯುತ್ತಾ, ತಮ್ಮ ಹಿಂದಿನಿಂದ "ನಿಧಾನ ಅಣ್ಣಾ, ನಿಧಾನ" ಅಂತ ಕೂಗ್ತಾ, ಶಾಲೇ ರೆನಾರ್ ತನಕ ಹೇಗೋ ಬಂದೆ. ಅಲ್ಲಿ ಒಬ್ಬ ಪುಣ್ಯಾತ್ಮರ ಹತ್ತಿರ ಹೆಚ್ಚುವರಿ ಪ್ಯಾಡ್ ಇತ್ತು, ದುಡ್ಡೂ ತಗೊಳ್ಳಲಿಲ್ಲ. ಬಾಡಿಗೆ ಸೈಕಲ್ ತಗೊಳ್ಳೋರು ಬ್ರೇಕ್ ಪ್ಯಾಡನ್ನ ಕಣ್ಣಿಟ್ಟು ನೋಡಿ, ಒಂದು ಜೊತೆ ಹೆಚ್ಚಿಗೆ ಇಟ್ಟುಕೊಳ್ಳಿ. ಗೇರ್ ಕೇಳುವಾಗ ಹಿಂದಿನ ಗೇರುಗಳಲ್ಲಿ ಎಲ್ಲಕ್ಕಿಂತ ದೊಡ್ಡ ಹಲ್ಲುಚಕ್ರಕ್ಕೆ 34 ಹಲ್ಲು ಇರೋದನ್ನೇ ಕೇಳಿ, ಸಾಮಾನು ಹೊತ್ತು ಏರು ಹತ್ತೋಕೆ ಅದು ಬೇಕೇ ಬೇಕು. ಗಾಳಿ ತಡೆಯೋ ಒಂದು ತೆಳು ಜಾಕೆಟ್ ಇರಲಿ. ಕೆಳಗೆ ಬೆವರು, ಮೇಲೆ ಹಲ್ಲು ಕಟಕಟ.

ರಸ್ತೆಯ ಬಲಕ್ಕೆ ಹೋಗಬೇಕು ಅನ್ನೋದು ಎರಡೇ ದಿನದಲ್ಲಿ ರೂಢಿಯಾಯ್ತು, ಸರ್ಕಲ್‌ಗಳಲ್ಲಿ ಮಾತ್ರ ಕೊನೆಯ ದಿನದ ತನಕ ಎಚ್ಚರ ಬೇಕಾಯ್ತು. ಕಾರಿನವರ ಬಗ್ಗೆ ಒಂದು ಮಾತು ಹೇಳಲೇಬೇಕು. ಊರ ಹೊರಗೆ ಸೈಕಲ್ ದಾಟುವಾಗ ಒಂದೂವರೆ ಮೀಟರ್ ಜಾಗ ಬಿಡಬೇಕು ಅಂತ ಅಲ್ಲಿ ಕಾನೂನಿದೆ, ಮತ್ತು ಬಿಡ್ತಾರೆ. ತಿರುವಿನಲ್ಲಿ ಜಾಗ ಇಲ್ಲದಿದ್ದರೆ ಹಾರ್ನ್ ಹೊಡೆಯದೆ ಹಿಂದೆಯೇ ಬರ್ತಾರೆ. ತೋರಣಗಲ್ಲು ರಸ್ತೆಯಲ್ಲಿ ಲಾರಿ ಗಾಳಿಗೆ ಮಣ್ಣಿಗಿಳಿದು ಅಭ್ಯಾಸ ಇದ್ದ ನನಗೆ ಮೊದಲ ದಿನ ಹಿಂದೆ ಯಾರೋ ಇದ್ದಾರೆ ಅಂತಾನೇ ಗೊತ್ತಾಗಿರಲಿಲ್ಲ.

ಕೊನೆಯ ದಿನ ಸೋನಿಂದ ಸಿಮಿಯಾನ್, ಅಲ್ಲಿಂದ ಆಪ್ಟ್ ಊರಿಗೆ ಇಳಿತ. ಎತ್ತರ ಇಳಿದ ಹಾಗೆ ಹೊಲಗಳೂ ಬದಲಾಗ್ತಾ ಬಂದವು. ಮೇಲೆ ಹೂವು, ನಡುವೆ ಟ್ರ್ಯಾಕ್ಟರ್ ಓಡಾಟ, ಕೆಳಗೆ ಬಂದಾಗ ಬರೀ ಕೂಳೆ. ಎರಡು ತಾಸಿನಲ್ಲಿ ಒಂದು ತಿಂಗಳು ದಾಟಿದ ಹಾಗೆ. ಆಪ್ಟ್‌ನಿಂದ ಕಾವಯ್ಯೋಂ ಕಡೆಗೆ ಹಳೇ ರೈಲು ಹಳಿ ತೆಗೆದು ಮಾಡಿದ ಕಾಲವೋಂ ಸೈಕಲ್ ದಾರಿ ಇದೆ, ಕಾರಿಲ್ಲ, ಏರಿಲ್ಲ. ದಣಿದ ಕಾಲಿಗೆ ಹೇಳಿ ಮಾಡಿಸಿದ್ದು.

ಅಷ್ಟು ದೂರ ಹೋಗೋಕಾಗಲ್ಲ ಅನ್ನೋರಿಗೆ ನಮ್ಮ ದೇಶದಲ್ಲೇ ಜಮ್ಮುವಿನ ಭದರ್ವಾಹ್ ಇದೆ. ಡೋಡಾ ಜಿಲ್ಲೆಯ ಈ ಗುಡ್ಡದ ಊರಿನಲ್ಲಿ ಮೆಕ್ಕೆಜೋಳ ಬಿಟ್ಟು ಲ್ಯಾವೆಂಡರ್ ಹಾಕಿದ ರೈತರು ತುಂಬಾ ಜನ. ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್‌ನವರ ಅರೋಮಾ ಮಿಷನ್ ಅನ್ನೋ ಪರಿಮಳ ಬೆಳೆಗಳ ಯೋಜನೆಯಿಂದ ಸಸಿ ಸಿಕ್ಕಿದ್ದು. ಹೂವಿನ ಕಾಲ ಜೂನ್, ಜುಲೈ. ಮುಂದಿನ ವರ್ಷ ಅಪ್ಪನನ್ನೂ ಕರ್ಕೊಂಡು ಹೋಗೋ ಯೋಚನೆ ಇದೆ, ಅವರು ಜೀಪಿನಲ್ಲಿ, ನಾನು ಸೈಕಲ್‌ನಲ್ಲಿ. ಎಕರೆಗೆ ಎಷ್ಟು ಬರುತ್ತೆ ಅಂತ ರೈತರನ್ನೇ ಕೇಳ್ತೀನಿ ಅಂತ ಈಗಲೇ ಹೇಳಿದ್ದಾರೆ.

ಅಲ್ಲಿಯ ತನಕ ಸಂಡೂರು. ಮಳೆ ಮುಗಿಯುತ್ತಾ ಬಂದ ಸೆಪ್ಟೆಂಬರ್‌ನಲ್ಲಿ ಗುಡ್ಡ ಪೂರ್ತಿ ಹಸಿರು, ನಾರಿಹಳ್ಳದ ಕೆರೆಯಲ್ಲಿ ನೀರು, ಬೆಳಿಗ್ಗೆ ಮಂಜು. ಭಾನುವಾರ ನಾಲ್ಕೂವರೆಗೆ ಮೋತಿ ಸರ್ಕಲ್ ಹತ್ತಿರ ಇರ್ತೀನಿ. ಬರೋರು ಎರಡು ಬಾಟಲಿ ನೀರು, ಹಿಂದೆ ಒಂದು ಕೆಂಪು ಲೈಟು ತಪ್ಪದೇ ತನ್ನಿ. ಇಳಿದ ಮೇಲೆ ಸಂಡೂರಿನಲ್ಲಿ ಒಗ್ಗರಣೆ ಮಿರ್ಚಿ.